ಕೊನೆ ಕೊಯ್ಲು ಬಂತು, ವಾಕಿಂಗ್ ನಿಂತಿತು

ಡಿಸೆಂಬರ್ ಮಧ್ಯದ ಒಂದು ಮಧ್ಯಾಹ್ನ ಒಬ್ಬ ತಾಯಿ ಮಗಳನ್ನು ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಮಗಳು ಸೆಕೆಂಡ್ ಪಿಯುಸಿ, ಪರೀಕ್ಷೆಯ ಭಯ. ಅವಳ ಮಾತು ಮುಗಿದು ಅವಳು ಹೊರಗೆ ಹೋದ ಮೇಲೆ ಅಮ್ಮ ಎದ್ದು ನಿಂತರು, ಮತ್ತೆ ಕುಳಿತರು. "ಮೇಡಂ, ನಂದೂ ಒಂದು ಕೇಳಬಹುದಾ? ದೊಡ್ಡ ವಿಷಯ ಏನಲ್ಲ, ವಾಕಿಂಗ್ ವಿಷಯ" ಅಂದರು. ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

ಅವರನ್ನು ಇಲ್ಲಿ ಸುಮತಿ ಅಂತ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ವಯಸ್ಸು 45ರ ಆಸುಪಾಸು. ಸಾಗರದ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಗಂಡ, ಅತ್ತೆ, ಇಬ್ಬರು ಮಕ್ಕಳು.

ಸುಮತಿಯವರ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಗಾಯ ಮಾಗದೆ ಎರಡು ಬೆರಳು ತೆಗೆಸಬೇಕಾಯಿತು. ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಇದ್ದವರು ಇವರೇ. ಆಮೇಲೆ ತಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.2 ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ ಅರ್ಥ. "ಈಗಲೇ ಮಾತ್ರೆ ಬೇಡ, ತೂಕ ಇಳಿಸಿ, ದಿನಾ ನಡೀರಿ" ಅಂದರಂತೆ ಡಾಕ್ಟರು.

ಯುಗಾದಿ ಕಳೆದ ಮೇಲೆ ಶುರು ಮಾಡಿದರು. ಬೆಳಗ್ಗೆ ಐದೂವರೆಗೆ ಎದ್ದು ಮನೆಯಿಂದ ಬಸ್ ಸ್ಟಾಪಿನವರೆಗೆ ಹೋಗಿ ಬರುವುದು, ಸಂಜೆ ಇನ್ನೊಂದು ಸುತ್ತು. ಫೋನಿನಲ್ಲಿ 10,000 ಹೆಜ್ಜೆ ಆದರೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಟಿಕ್. ಅಕ್ಟೋಬರ್ ಹೊತ್ತಿಗೆ ಆರು ಕೆಜಿ ಇಳಿದಿತ್ತು. ನವೆಂಬರಿನಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಯಿತು.

ಮಲೆನಾಡಿನ ಅಡಿಕೆ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಕೊನೆಗೌಡ ಮರ ಹತ್ತಿ ಗೊನೆ ಇಳಿಸಿದ ದಿನದಿಂದ ಮನೆಯ ಗಡಿಯಾರವೇ ಬದಲಾಗುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಒಲೆ ಹತ್ತಬೇಕು. ಹತ್ತು ಹನ್ನೆರಡು ಜನಕ್ಕೆ ತಿಂಡಿ, ಊಟ, ಎರಡು ಮೂರು ಸಲ ಚಹಾ. ಹಿಂದಿನ ದಿನ ಬೇಯಿಸಿದ್ದನ್ನು ಹರವಬೇಕು, ಒಣಗಿದ್ದನ್ನು ಒಳಗೆ ಹಾಕಬೇಕು. ರಾತ್ರಿ ಆರೂವರೆಯಿಂದ ಹತ್ತೂವರೆವರೆಗೆ, ಕೆಲವು ದಿನ ಹನ್ನೊಂದರವರೆಗೆ, ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವುದು. ಈಗ ಸುಲಿಯುವ ಯಂತ್ರ ಬಂದಿದೆ, ನಿಜ. ಆದರೆ ಇವರ ಮನೆಯಲ್ಲಿ ಇನ್ನೂ ಕೈಯಲ್ಲೇ. ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಾರೆ, ಇವರೂ ಅವರ ಮನೆಗೆ ಹೋಗಬೇಕು. ಜನವರಿ ಮುಗಿಯುವವರೆಗೂ ಇದೇ.

"ಮೊದಲ ವಾರ ಕಷ್ಟಪಟ್ಟು ಮಾಡಿದೆ. ಆಮೇಲೆ ಒಂದಿನ ಏಳೋಕಾಗಲಿಲ್ಲ. ಮಾರನೇ ದಿನ ಫೋನ್ ನೋಡಿದರೆ 4,000 ಚಿಲ್ಲರೆ ಹೆಜ್ಜೆ. ಸಿಟ್ಟು ಬಂತು. ಆ್ಯಪೇ ತೆಗೆದುಹಾಕಿದೆ. ಕೊಯ್ಲು ಮುಗೀಲಿ, ಆಮೇಲೆ ಸರಿಯಾಗಿ ಮಾಡೋಣ ಅಂದ್ಕೊಂಡೆ."

ಮುಂದಿನ ಸಲ ಆ ಕ್ಯಾಲೆಂಡರನ್ನು ತರಲು ಹೇಳಿದೆ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಮೇಜಿನ ಮೇಲೆ ಬಿಡಿಸಿದರೆ ನವೆಂಬರ್ ಹಾಳೆ ಹಿಂದಕ್ಕೆ ಮಡಚಿಕೊಂಡಿತ್ತು. ಮಡಿಕೆ ಆಳವಾಗಿ ಬಿದ್ದಿತ್ತು. ನವೆಂಬರ್ 12ಕ್ಕೇ ಡಿಸೆಂಬರ್ ಹಾಳೆ ತಿರುವಿ ಹಾಕಿಬಿಟ್ಟಿದ್ದರಂತೆ. ಖಾಲಿ ಮನೆಗಳನ್ನು ನೋಡಲಾಗದೆ.

ನನಗೆ ಆ ಮಡಿಕೆ ನೋಡಿದಾಗಲೇ ವಿಷಯ ಹೊಳೆಯಿತು. ಇವರಿಗೆ ಬೇಕಾದ್ದು ಹುರುಪು ತುಂಬುವ ಮಾತಲ್ಲ. ಹುರುಪು ಬೇಕಾದಷ್ಟಿತ್ತು. ಅಮ್ಮನ ಕಾಲು ಕಣ್ಣ ಮುಂದೆ ಇತ್ತು. ಆ ಭಯದಿಂದಲೇ ಅವರಿಗೆ ಎರಡೇ ಲೆಕ್ಕ: ಪೂರ್ತಿ ಮಾಡಿದೆ, ಇಲ್ಲವೇ ಏನೂ ಮಾಡಲಿಲ್ಲ.

ಜುಲೈ ಹಾಳೆ ತಿರುವಿದೆ. ಅದೂ ಖಾಲಿ. "ಮಳೆಗಾಲದಲ್ಲಿ ಏನ್ ಮಾಡ್ತಿದ್ರಿ?" ಅಂತ ಕೇಳಿದೆ. "ಹೊರಗೆ ಹೋದರೆ ಉಂಬಳ (ಜಿಗಣೆ), ಕೊಡೆ ನಿಲ್ಲಲ್ಲ. ಜಗಲಿ ಮೇಲೇ ಆ ತುದಿಯಿಂದ ಈ ತುದಿಗೆ ಓಡಾಡ್ತಿದ್ದೆ, ದಿನಾ ಒಂದು ಹದಿನೈದು ನಿಮಿಷ. ಅದು ಲೆಕ್ಕಕ್ಕಿಲ್ಲ ಬಿಡಿ ಮೇಡಂ."

ಲೆಕ್ಕಕ್ಕೆ ಯಾಕಿಲ್ಲ? ಮಳೆ ಬಂದರೂ ನಿಲ್ಲಿಸದೆ ನಡೆದಿದ್ದಾರೆ, ಆಗಸ್ಟ್ ಕೊನೆಗೆ ಮತ್ತೆ ರಸ್ತೆಗೆ ಇಳಿದಿದ್ದಾರೆ. ದಿನಚರಿ ಮುರಿದಾಗ ಏನು ಮಾಡಬೇಕು ಅನ್ನುವುದು ಅವರಿಗೆ ಆಗಲೇ ಗೊತ್ತಿತ್ತು. ಆದರೆ ಅದಕ್ಕೆ ತಾವೇ ಸೊನ್ನೆ ಅಂಕ ಕೊಟ್ಟುಕೊಂಡಿದ್ದರು.

ಅವತ್ತು ಎರಡು ವಿಷಯ ಹೇಳಿದೆ. ಒಂದು, ಆ 10,000ದ ಮೂಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಮಾರಾಟಕ್ಕೆ ತಂದಾಗ ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅನ್ನುವ ಅರ್ಥದ ಹೆಸರಿಟ್ಟಿತು. ಸಂಖ್ಯೆ ಜನಪ್ರಿಯವಾಗಿದ್ದು ಹಾಗೆ. ಅದಕ್ಕಿಂತ ಕಡಿಮೆ ನಡೆದರೆ ಲಾಭವಿಲ್ಲ ಅನ್ನುವ ಗೆರೆ ಅದಲ್ಲ. ಎರಡು, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಶ್ರಮ. ಮೊದಲು ಒಂದೊಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಆಗಬೇಕು ಅನ್ನುತ್ತಿದ್ದರು. 2020ರ ಹೊಸ ಸೂಚನೆಯಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಸುಮತಿಯವರು "ಐದು ನಿಮಿಷಾನೂ?" ಅಂತ ಎರಡು ಸಲ ಕೇಳಿದರು.

ಅಲನ್ ಮಾರ್ಲಟ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರೊಬ್ಬರು ಕುಡಿತ ಬಿಟ್ಟವರ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ್ದರು. ಒಂದು ಸಲ ತಪ್ಪುವುದಕ್ಕಿಂತ, ತಪ್ಪಿದ ಮೇಲೆ 'ನನ್ನ ಹಣೆಬರಹವೇ ಇಷ್ಟು' ಅಂದುಕೊಳ್ಳುವುದು ಜಾಸ್ತಿ ಕೆಡಿಸುತ್ತದೆ ಅಂತ ಅವರು ತೋರಿಸಿದರು. ವಾಕಿಂಗ್ ಬಿಟ್ಟವರಲ್ಲಿಯೂ ನಾನು ಇದನ್ನೇ ನೋಡುತ್ತೇನೆ. ಆ್ಯಪ್ ತೆಗೆದುಹಾಕಿದ್ದು ನಡೆಯದೆ ಹೋದ ದಿನ ಅಲ್ಲ, ಮಾರನೇ ದಿನ. ನಾವು ಎಚ್ಚರ ಇರಬೇಕಾದ್ದು ಆ ಮಾರನೇ ದಿನ.

ಮೊದಲ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು ಅನ್ನುವುದನ್ನೂ ಹೇಳಬೇಕು. ಕೋಣೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ವಿಡಿಯೊ ನೋಡಿ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿ ಅಂದಿದ್ದೆ. ಕೊಯ್ಲಿನ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಎಲ್ಲಿರುತ್ತದೆ? ಅಲ್ಲೆಲ್ಲ ಅಡಿಕೆ ಚೀಲ. ಹನ್ನೆರಡು ಜನ ಕೆಲಸ ಮಾಡುವಾಗ ಮನೆಯೊಡತಿ ಬಾಗಿಲು ಹಾಕಿಕೊಂಡರೆ ಏನು ಅಂದುಕೊಳ್ಳುತ್ತಾರೆ? ಒಂದು ದಿನವೂ ಆಗಲಿಲ್ಲ. ಅವರ ದಿನವನ್ನು ಸರಿಯಾಗಿ ಕೇಳದೆ ಸಲಹೆ ಕೊಟ್ಟಿದ್ದೆ. ಎರಡನೇ ಭೇಟಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಗಂಟೆ ಗಂಟೆಯ ಲೆಕ್ಕ ಬರೆದುಕೊಂಡೆ. ಆಗ ಕಂಡಿತು. ಹಗಲಿಡೀ ಅವರು ಓಡಾಡುತ್ತಲೇ ಇರುತ್ತಾರೆ. ಏಣಿ ಹತ್ತಿ ಅಡಿಕೆ ಹರವುವುದಂತೂ ಒಳ್ಳೆ ಶ್ರಮವೇ. ಕಷ್ಟ ಇರುವುದು ರಾತ್ರಿಯ ನಾಲ್ಕು ಗಂಟೆಯಲ್ಲಿ. ಒಂದೇ ಸಮ ಕೂತಿರುವುದು, ಜೊತೆಗೆ ಎಂಟೂವರೆಗೆ ಸಿಹಿ ಚಹಾ, ಬಜ್ಜಿ, ಅದರ ಮೇಲೆ ಊಟ, ಊಟವಾದ ಕೂಡಲೇ ಮಲಗುವುದು.

ಹಾಗಾಗಿ ಹೊಸದೇನನ್ನೂ ಸೇರಿಸದೆ ಕೊಯ್ಲಿನೊಳಗೇ ಜಾಗ ಹುಡುಕಿದೆವು. ಜರ್ಮನಿಯ ಪೀಟರ್ ಗಾಲ್ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿದ ಒಂದು ಸರಳ ದಾರಿ ಇದೆ. 'ಮಾಡುತ್ತೇನೆ' ಅನ್ನುವ ಬದಲು 'ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ನಿಶ್ಚಯಿಸುವುದು. ಸುಮತಿಯವರು ತಮ್ಮ ಮಾತಿನಲ್ಲೇ ಬರೆದುಕೊಂಡರು: "ಸುಲಿದ ಬುಟ್ಟಿ ತುಂಬಿದಾಗ ನಾನೇ ಎದ್ದು ಹಂಡೆ ಹತ್ತಿರ ಒಯ್ದು ಸುರಿದು ಬರ್ತೀನಿ." ಇಷ್ಟು ದಿನ ಆ ಕೆಲಸ ಮಗ ಮಾಡುತ್ತಿದ್ದ. ಜಗಲಿಯಿಂದ ಅಡಿಕೆ ಬೇಯಿಸುವ ಒಲೆಯ ಜಾಗಕ್ಕೆ ಅಂಗಳ ದಾಟಿ ಹೋಗಬೇಕು, ಒಂದು ರಾತ್ರಿಗೆ ಏಳೆಂಟು ಸಲ. ಎರಡನೆಯದು: "ರಾತ್ರಿ ಊಟದ ಬಾಳೆ ಎತ್ತಿದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ." ಊಟವಾದ ಮೇಲೆ ನಡೆದರೆ ರಕ್ತದಲ್ಲಿ ಸಕ್ಕರೆ ಏರುವುದು ತಗ್ಗುತ್ತದೆ. ಅವರ ಮಟ್ಟಿಗೆ ಬೆಳಗಿನ ಬಸ್ ಸ್ಟಾಪಿಗಿಂತ ಈ ಹತ್ತು ನಿಮಿಷವೇ ಮುಖ್ಯ ಅಂತ ನನಗನ್ನಿಸಿತು. ಮೂರನೆಯದು ಚಹಾ. ಒಂದಕ್ಕೆ ಮಾತ್ರ ಸಕ್ಕರೆ. ಬಜ್ಜಿ ಬಿಡಿ ಅನ್ನಲಿಲ್ಲ, ಎಲ್ಲರ ಜೊತೆ ಕೂತು ತಿನ್ನುವುದು ಅವರಿಗೂ ಬೇಕಲ್ವಾ.

ಇನ್ನು ಮನೆಯವರ ವಿಷಯ. ಮೂರನೇ ಭೇಟಿಗೆ ಗಂಡನೂ ಬಂದರು. ಒಳ್ಳೆ ಮನುಷ್ಯ. "ನಾವ್ಯಾರೂ ಬೇಡ ಅಂದಿಲ್ಲ ಮೇಡಂ" ಅಂದರು. ಸುಮತಿಯವರು ತಲೆ ಎತ್ತದೆ ಹೇಳಿದರು, "ಬೇಡ ಅಂದಿಲ್ಲ. ಹೋಗು ಅಂತಾನೂ ಅಂದಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸುಮತಿಯವರೇ ಬಿಡಿಸಿ ಹೇಳಿದರು. "ಇಡೀ ದಿನ ಓಡಾಡ್ತಾಳೆ, ಮತ್ತೆ ವಾಕಿಂಗ್ ಯಾಕೆ?" ಅಂತ ಅತ್ತೆ ಕೇಳಿದಾಗ ಗಂಡ ಸುಮ್ನೆ ಇದ್ದರಂತೆ. ಅತ್ತೆಯ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅವರ ಕಾಲದಲ್ಲಿ ನಡೆಯುವುದಕ್ಕೆ ಅಂತಲೇ ಯಾರೂ ನಡೆದಿರಲಿಲ್ಲ. ಆದರೆ ಸೊಸೆಗೆ ಅದು ತಪ್ಪು ಹೊರಿಸಿದ ಹಾಗೆ ಕೇಳಿಸಿತು. ಸಮಯ ಇಲ್ಲ ಅಂತ ನನ್ನ ಹತ್ತಿರ ಬರುವ ಹೆಂಗಸರಲ್ಲಿ ಎಷ್ಟೋ ಜನಕ್ಕೆ ನಿಜವಾಗಿ ಸಮಯದ ತೊಂದರೆ ಇರುವುದಿಲ್ಲ. ತನಗೋಸ್ಕರ ಇಪ್ಪತ್ತು ನಿಮಿಷ ತೆಗೆದುಕೊಂಡರೆ ಯಾರಾದರೂ ಏನಾದರೂ ಅಂದಾರು ಅನ್ನುವ ಅಳುಕು ಇರುತ್ತದೆ. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ಗಂಡನಿಗೆ ನಾನು ಕೇಳಿದ್ದು ಒಂದೇ: ವಾರಕ್ಕೆ ಮೂರು ದಿನ ಬೆಳಗಿನ ಮೊದಲ ಚಹಾ ನೀವು ಮಾಡ್ತೀರಾ? ಒಪ್ಪಿದರು. ಅದಕ್ಕಿಂತ ದೊಡ್ಡ ಕೆಲಸ ಅವರಾಗಿಯೇ ಮಾಡಿದರು. ಅತ್ತೆಯ ಹತ್ತಿರ ಕೂತು, ಬೀಗಿತ್ತಿಯ ಕಾಲಿಗೆ ಆದದ್ದನ್ನು ನೆನಪಿಸಿ, "ಇವಳಿಗೂ ಹಾಗಾಗಬಾರದು ಅಮ್ಮಾ" ಅಂದರಂತೆ. ಆಮೇಲೆ ರಾತ್ರಿ ಊಟವಾದ ಕೂಡಲೇ "ಅಂಗಳಕ್ಕೆ ಹೋಗೋದಿಲ್ವೇನೇ?" ಅಂತ ಕೇಳುವವರು ಅತ್ತೆಯೇ.

ಕ್ಯಾಲೆಂಡರಿಗೆ ನೀಲಿ ಪೆನ್ನು ತಂದೆವು. ಕೆಂಪು ಟಿಕ್ ಪೂರ್ತಿ ದಿನಕ್ಕೆ, ನೀಲಿ ಚುಕ್ಕೆ ಚಿಕ್ಕ ದಿನಕ್ಕೆ. ಒಂದು ದಿನ ಖಾಲಿ ಬಿದ್ದರೆ ಬೀಳಲಿ. ಎರಡನೇ ದಿನ ಮಾತ್ರ ಬಿಡಬಾರದು, ಜಗಲಿಯ ಮೇಲೆ ಐದು ಸುತ್ತಾದರೂ ಸರಿ.

ಜನವರಿ ಕೊನೆಗೆ ಕೊಯ್ಲು ಮುಗಿಯಿತು. ಆಗ ಒಂದು ಎಚ್ಚರಿಕೆ ಹೇಳಬೇಕಾಯಿತು. ತಪ್ಪಿಹೋದದ್ದನ್ನೆಲ್ಲ ತುಂಬಿಕೊಳ್ಳಬೇಕು ಅಂತ ಮೊದಲ ದಿನವೇ ಎರಡು ಸುತ್ತು ಹೊರಟಿದ್ದರು. ನಾಲ್ಕು ಗಂಟೆ ಕೂತು ಕೂತು ಅವರ ಮಂಡಿ ಬಿಗಿದಿತ್ತು. ಮೊದಲ ವಾರ ಅರ್ಧ ದೂರ ಸಾಕು ಅಂದೆ. ವಾರಕ್ಕೆ ಎರಡು ದಿನ ಜಗಲಿ ಕಟ್ಟೆಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಲು ಹೇಳಿದೆ. ಮಂಡಿ ನೋವು ಹೆಚ್ಚಾದರೆ, ನಡೆಯುವಾಗ ಎದೆ ಹಿಡಿದ ಹಾಗಾದರೆ ಸೀದಾ ಡಾಕ್ಟರ ಹತ್ತಿರ. ರಕ್ತ ಪರೀಕ್ಷೆ, ಮಾತ್ರೆ, ಇವೆಲ್ಲ ಅವರದೇ ನಿರ್ಧಾರ, ನನ್ನದಲ್ಲ.

ಮಾರ್ಚ್‌ನಲ್ಲಿ ಮಗಳ ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಬಂದಿದ್ದರು. ಎಚ್‌ಬಿಎ1ಸಿ 5.9. ಕೊಯ್ಲಿನಲ್ಲಿ ಒಂದೂವರೆ ಕೆಜಿ ಏರಿತ್ತು, ಅದರಲ್ಲಿ ಒಂದು ಇಳಿದಿತ್ತು. ಹೋಗುವಾಗ ಹಳೇ ಕ್ಯಾಲೆಂಡರ್ ತೋರಿಸಿದರು. ನವೆಂಬರಿನ ಮಡಿಕೆ ಬಿಡಿಸಿದ್ದರು. ಜುಲೈ ಹಾಳೆಯಲ್ಲಿ, ಎಂಟು ತಿಂಗಳು ತಡವಾಗಿ, ಜಗಲಿಯ ಮೇಲೆ ನಡೆದ ದಿನಗಳಿಗೆಲ್ಲ ನೆನಪಿದ್ದಷ್ಟು ನೀಲಿ ಚುಕ್ಕೆ ಇಟ್ಟಿದ್ದರು. "ಈ ಸಲ ಮಳೆಗೆ ಮುಂಚೆ ಜಗಲಿಯ ಆ ಮೂಲೆಯ ಚೀಲ ತೆಗೆಸ್ತೀನಿ ಮೇಡಂ. ಆಗ ಒಂದು ಸುತ್ತಿಗೆ ನಾಲ್ಕು ಹೆಜ್ಜೆ ಜಾಸ್ತಿ ಸಿಗುತ್ತೆ" ಅಂದರು.