ಅಲ್ಯೂಮಿನಿಯಂ ಬೆಸೆಯಲು ಡಿಸಿ ಟಿಗ್ ಮಶೀನ್ ಸಾಕಾ?

ಮಿಗ್‌ನಲ್ಲಿ (ತಂತಿ ತಾನಾಗಿ ಬಂದು ಕರಗುವ ಬೆಸುಗೆ) ಕಬ್ಬಿಣ ಬೆಸೆದು ಕೈ ಪಳಗಿದೆ, ಈಗ ಹಳೆಯ ಜೀಪಿಗೆ ಅಲ್ಯೂಮಿನಿಯಂ ಇಂಟರ್‌ಕೂಲರ್ ಪೈಪು, ಪೆಟ್ರೋಲ್ ಟ್ಯಾಂಕು, ಒಂದಷ್ಟು ಬ್ರಾಕೆಟ್ಟು ಮಾಡಬೇಕು, ಅಗ್ಗದ ಡಿಸಿ ಟಿಗ್ (ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಶಾಖ ಕೊಟ್ಟು, ರಾಡನ್ನು ಕೈಯಲ್ಲಿ ಅದ್ದಿ ಬೆಸೆಯುವ ಮಶೀನ್) ತಗೊಂಡರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುವುದಿಲ್ಲ. ಎಸಿ (ದಿಕ್ಕು ಬದಲಿಸುವ ಕರೆಂಟು), ಡಿಸಿ (ಒಂದೇ ದಿಕ್ಕಿನ ಕರೆಂಟು) ಎರಡೂ ಇರುವ ಮಶೀನೇ ಬೇಕು. ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಂದರೆ ಇನ್ನಾರು ತಿಂಗಳು ಕಾಯಿರಿ, ಆದರೆ ಡಿಸಿ ಮಾತ್ರ ಇರುವುದನ್ನು ಅಲ್ಯೂಮಿನಿಯಂಗೆ ಅಂತ ತಗೋಬೇಡಿ.

ಯಾಕೆ ಅಂದರೆ, ಅಲ್ಯೂಮಿನಿಯಂ ಮೇಲೆ ಯಾವಾಗಲೂ ಆಕ್ಸೈಡಿನ ತೆಳು ಪೊರೆ ಇರುತ್ತದೆ. ಲೋಹ ಕರಗುವುದು 660 ಡಿಗ್ರಿಗೆ. ಆ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಮಾಮೂಲಿ ಡಿಸಿಯಲ್ಲಿ ಶಾಖ ಕೊಟ್ಟರೆ ಒಳಗಿನ ಲೋಹ ನೀರಾಗಿರುತ್ತದೆ, ಮೇಲಿನ ಚರ್ಮ ಮಾತ್ರ ಹಾಗೇ ಸುಕ್ಕುಗಟ್ಟಿಕೊಂಡು ಕೂತಿರುತ್ತದೆ. ಎರಡು ಅಂಚು ಪಕ್ಕಪಕ್ಕ ಕರಗಿದರೂ ಒಂದಕ್ಕೊಂದು ಸೇರುವುದಿಲ್ಲ. ಎಸಿಯಲ್ಲಿ ಕರೆಂಟಿನ ದಿಕ್ಕು ಸೆಕೆಂಡಿಗೆ ಎಷ್ಟೋ ಸಲ ತಿರುಗುತ್ತಿರುತ್ತದೆ. ಒಂದು ದಿಕ್ಕಿನಲ್ಲಿ ಪೊರೆ ಒಡೆದುಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಲೋಹಕ್ಕೆ ಶಾಖ ಇಳಿಯುತ್ತದೆ. ಡಿಸಿಯಲ್ಲೇ ಪೋಲಾರಿಟಿ (ಕರೆಂಟಿನ ದಿಕ್ಕು) ತಿರುಗಿಸಿದರೂ ಪೊರೆ ಹೋಗುತ್ತದೆ ನಿಜ, ಆದರೆ ಆಗ ಶಾಖವೆಲ್ಲ ಟಂಗ್‌ಸ್ಟನ್‌ಗೇ ಹೋಗಿ ಅದೇ ಕರಗುತ್ತದೆ.

ಮಶೀನ್ ನೋಡುವಾಗ 200 ಆಂಪಿನ ಇನ್ವರ್ಟರ್ ಬಗೆಯ ಮಶೀನ್ ಸಾಕು. ಅಲ್ಯೂಮಿನಿಯಂಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್ ಅಂತ ಲೆಕ್ಕ ಇಟ್ಟುಕೊಳ್ಳಿ. 3 ಮಿ.ಮೀ. ಶೀಟಿಗೆ 120 ಆಂಪ್. ಪೈಪು ಸಾಮಾನ್ಯವಾಗಿ 2 ಮಿ.ಮೀ. ಒಳಗೇ ಇರುತ್ತದೆ, ಬ್ರಾಕೆಟ್ಟು 4-5 ಮಿ.ಮೀ. ಇದ್ದರೂ ಈ ಮಶೀನ್ ಎಳೆಯುತ್ತದೆ. ಡ್ಯೂಟಿ ಸೈಕಲ್ ಅಂತ ಒಂದು ಅಂಕಿ ಬರೆದಿರುತ್ತಾರೆ, ಅದನ್ನು ತಪ್ಪದೆ ಓದಿ. 200 ಆಂಪಿಗೆ 35% ಅಂದರೆ ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ಉರಿಸಬಹುದು, ಉಳಿದದ್ದು ಆರಲು. ಮನೆ ಕೆಲಸಕ್ಕೆ ಧಾರಾಳ. ಆದರೆ ಮಶೀನ್ ತಡೆದರೂ ಕೈಯಲ್ಲಿ ಹಿಡಿದು ಬೆಸೆಯುವ ಟಾರ್ಚ್ ತಡೆಯಬೇಕಲ್ವಾ? ಜೊತೆಗೆ ಬರುವ 17 ನಂಬರಿನ ಗಾಳಿಯಲ್ಲಿ ಆರುವ ಟಾರ್ಚ್ 120 ಆಂಪ್ ದಾಟಿದರೆ ಹಿಡಿಯಲಾರದಷ್ಟು ಕಾಯುತ್ತದೆ. ಟ್ಯಾಂಕಿನಂಥ ಉದ್ದ ಜೋಡಣೆ ಜಾಸ್ತಿ ಇದ್ದರೆ ನೀರಿನ ಕೂಲರ್ ಬಗ್ಗೆ ಆಮೇಲೆ ಯೋಚಿಸಿ, ಮೊದಲ ದಿನವೇ ಬೇಡ.

ಕೂಲರ್‌ಗಿಂತ ಮೊದಲು ಬೇಕಾದದ್ದು ಕರೆಂಟನ್ನು ಏರಿಸಿ ಇಳಿಸುವ ಕಾಲಿನ ಪೆಡಲ್. ಕಬ್ಬಿಣ ಕರಗುವ ಮೊದಲು ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸುವುದೇ ಇಲ್ಲ. ನನ್ನ ಮೊದಲ ಪೈಪು ಇನ್ನೂ ಶೆಡ್ಡಿನ ಗೋಡೆಗೆ ನೇತುಹಾಕಿದ್ದೇನೆ. ಪೆಡಲ್ ಇಲ್ಲದೆ, ಟಾರ್ಚಿನ ಸ್ವಿಚ್ಚಲ್ಲಿ, 80 ಆಂಪಿಗೆ ಕಟ್ಟಿ ಶುರು ಮಾಡಿದ್ದೆ. ಮೊದಲ ಅರ್ಧ ಇಂಚು ಏನೂ ಆಗಲಿಲ್ಲ, ಲೋಹ ಶಾಖವನ್ನೆಲ್ಲ ಹೀರಿಕೊಂಡಿತು. ಅಲ್ಲಿಂದ ಒಂದು ಇಂಚು ಚೆಂದದ ಬೀಡ್ (ಬೆಸುಗೆಯ ಗೆರೆ) ಬಂತು. ನಾನು ಬೀಗುವಷ್ಟರಲ್ಲಿ ಪೈಪೇ ಬಿಸಿಯಾಗಿ, ಬೆರಳು ತೂರುವಷ್ಟು ತೂತಾಗಿ ಒಳಕ್ಕೆ ಕುಸಿಯಿತು. ಪೆಡಲ್ ಇದ್ದರೆ ಶುರುವಿಗೆ ಒತ್ತಿ, ಆಮೇಲೆ ಮೆಲ್ಲಗೆ ಬಿಡುತ್ತಾ ಬರಬಹುದು. ಮುಗಿಸುವಾಗಲೂ ಹಾಗೆಯೇ. ತಟ್ಟನೆ ನಿಲ್ಲಿಸಿದರೆ ಕೊನೆಯ ಗುಳಿಯಲ್ಲಿ ಬಿರುಕು ಬೀಳುತ್ತದೆ.

ಸೆಟಿಂಗ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಸಿ ಬ್ಯಾಲೆನ್ಸನ್ನು (ಕರೆಂಟಿನ ಎರಡು ದಿಕ್ಕಿಗೆ ಸಮಯ ಹಂಚುವ ಸೆಟಿಂಗ್) ಶಾಖದ ಕಡೆಗೆ 70% ಇಡಿ, ಫ್ರೀಕ್ವೆನ್ಸಿ 100 ಹರ್ಟ್ಸ್ ಆಸುಪಾಸು. ಟಂಗ್‌ಸ್ಟನ್ 2.4 ಮಿ.ಮೀ., ನೀಲಿ ತುದಿಯ ಲ್ಯಾಂಥನೇಟೆಡ್ (ಲ್ಯಾಂಥನಮ್ ಆಕ್ಸೈಡ್ ಬೆರೆಸಿದ್ದು). ಹಸಿರು ತುದಿಯದು ಹಳೆಯ ಟ್ರಾನ್ಸ್‌ಫಾರ್ಮರ್ ಮಶೀನುಗಳ ಕಾಲದ್ದು. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಗ್ಯಾಸು ಶುದ್ಧ ಆರ್ಗಾನ್, ನಿಮಿಷಕ್ಕೆ 8-10 ಲೀಟರ್. ನಿಮ್ಮ ಮಿಗ್ ಸಿಲಿಂಡರಿನಲ್ಲಿ ಆರ್ಗಾನ್ ಜೊತೆ ಕಾರ್ಬನ್ ಡೈಆಕ್ಸೈಡ್ ಸೇರಿದ್ದರೆ ಅದು ಇಲ್ಲಿ ಬೇಡವೇ ಬೇಡ, ಟಂಗ್‌ಸ್ಟನ್ ಸುಟ್ಟು ಹೋಗುತ್ತದೆ.

ಇನ್ನು ಶುಚಿ. ಇಲ್ಲಿ ಸೋಮಾರಿತನ ಮಾಡಿದರೆ ಯಾವ ಮಶೀನೂ ಕಾಪಾಡುವುದಿಲ್ಲ. ಮೊದಲು ಅಸಿಟೋನಿನಲ್ಲಿ ಎಣ್ಣೆ ಜಿಡ್ಡು ಒರೆಸಿ, ಅದು ಪೂರ್ತಿ ಆರಿದ ಮೇಲೆ ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜಿ. ಹಿಂದುಮುಂದು ಮಾಡಿದರೆ ಜಿಡ್ಡನ್ನೇ ಲೋಹದೊಳಗೆ ಉಜ್ಜಿದಂತೆ. ಆ ಬ್ರಷ್ ಕಬ್ಬಿಣಕ್ಕೆ ಒಮ್ಮೆಯೂ ತಾಗಬಾರದು. ನಾನು ಹಿಡಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ, ಆದರೂ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಜೋಡಣೆಗೆ ಕರಗಿಸಿ ತುಂಬುವ ಫಿಲ್ಲರ್ ರಾಡನ್ನೂ ಒರೆಸಿ. ಬ್ರೇಕ್ ಕ್ಲೀನರ್ ಮಾತ್ರ ಹತ್ತಿರಕ್ಕೂ ತರಬೇಡಿ. ಅದರಲ್ಲಿ ಕ್ಲೋರಿನ್ ಇರುವ ಬಗೆಗಳಿವೆ. ಅದು ಆರ್ಕಿಗೆ (ಬೆಸುಗೆಯ ಕಿಡಿಗೆ) ಸಿಕ್ಕರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ, ಜೀವಕ್ಕೇ ಅಪಾಯ.

ಇಷ್ಟೆಲ್ಲ ಮಾಡಿಯೂ ಒಂದು ದಿನ ನನಗೆ ಬರೀ ಕರಿ ಮಸಿ ಬರುತ್ತಿತ್ತು. ಲೋಹ ಬದಲಿಸಿದೆ, ರಾಡ್ ಬದಲಿಸಿದೆ, ಗ್ಯಾಸ್ ಏರಿಸಿದೆ, ಇಳಿಸಿದೆ. ಇಡೀ ಮಧ್ಯಾಹ್ನ ಹೋಯಿತು. ಕೊನೆಗೆ ನೋಡಿದರೆ ಟಾರ್ಚಿನ ಹಿಂದಿನ ಕ್ಯಾಪಿನ ಓ-ರಿಂಗ್ ಸೀಳಿತ್ತು, ಅಲ್ಲಿಂದ ಗಾಳಿ ಒಳಗೆ ಹೋಗುತ್ತಿತ್ತು. ಕಾಳಿನಷ್ಟು ರಬ್ಬರು! ಈಗ ಮಸಿ ಕಂಡ ಕೂಡಲೇ ಮೊದಲು ಅದನ್ನು ನೋಡುತ್ತೇನೆ, ಆಮೇಲೆ ಫ್ಯಾನ್ ಆಫ್ ಇದೆಯಾ ಅಂತ.

ರಾಡಿನಲ್ಲಿ ನಿಮಗೆ ಬೇಕಾದದ್ದು ಎರಡು, 4043 ಮತ್ತು 5356. ಇಂಟರ್‌ಕೂಲರ್ ಪೈಪಿಗೆ 4043. 5356 ಹೆಚ್ಚು ಗಟ್ಟಿ, ಆದರೆ 65 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ದುಡಿಯುವ ಜಾಗದಲ್ಲಿ ಕಾಲಕ್ರಮೇಣ ಅದು ಬಿರುಕು ಬಿಡಬಹುದು. ಟ್ಯಾಂಕಿಗೆ 5052 ಶೀಟು (5052, 6061, 7075 ಇವು ಅಲ್ಯೂಮಿನಿಯಂ ಬಗೆಗಳ ನಂಬರು) ತಂದರೆ 5356 ಸರಿ ಹೊಂದುತ್ತದೆ. 6061ಕ್ಕೆ ಎರಡೂ ಹಿಡಿಯುತ್ತವೆ, ರಾಡ್ ಹಾಕದೆ ಸುಮ್ನೆ ಅಂಚು ಕರಗಿಸಿ ಸೇರಿಸಲು ಹೋದರೆ ಮಾತ್ರ ಬಿರಿಯುತ್ತದೆ. ಗುಜರಿಯಲ್ಲಿ 7075 ಸಿಕ್ಕರೆ ಬೋಲ್ಟ್ ಹಾಕುವ ಕೆಲಸಕ್ಕೆ ಇಟ್ಟುಕೊಳ್ಳಿ, ಬೆಸೆಯಬೇಡಿ.

ಬ್ರಾಕೆಟ್ಟು ಅಂದಿರಿ, ಯಾವುದಕ್ಕೆ ಅಂತ ಹೇಳಲಿಲ್ಲ. 6061-ಟಿ6 (ಶಾಖೋಪಚಾರ ಕೊಟ್ಟು ಗಟ್ಟಿ ಮಾಡಿದ 6061) ಅನ್ನು ಬೆಸೆದರೆ ಬೀಡಿನ ಅಕ್ಕಪಕ್ಕದ ಲೋಹ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಳೆದುಕೊಳ್ಳುತ್ತದೆ. ಬೀಡ್ ಎಷ್ಟೇ ಚೆಂದ ಇರಲಿ, ಮುರಿಯುವುದು ಅದರ ಪಕ್ಕದಲ್ಲೇ. ರೇಡಿಯೇಟರ್, ಬ್ಯಾಟರಿ ಟ್ರೇ, ದೀಪ ಕೂರಿಸುವ ಬ್ರಾಕೆಟ್ಟಾದರೆ ಧೈರ್ಯವಾಗಿ ಮಾಡಿ. ಸಸ್ಪೆನ್ಷನ್, ಸ್ಟಿಯರಿಂಗ್, ಸೀಟು, ಬೆಲ್ಟಿನ ಹಿಡಿತ ಇವನ್ನೆಲ್ಲ ಸದ್ಯಕ್ಕೆ ಮುಟ್ಟಬೇಡಿ.

ಟ್ಯಾಂಕಿನ ವಿಷಯ ಕೇಳಿ ಸ್ವಲ್ಪ ಭಯವಾಯಿತು. ಹೊಸ ಶೀಟಿನಲ್ಲಿ ಹೊಸ ಟ್ಯಾಂಕ್ ಕಟ್ಟುವುದಾದರೆ ಸರಿ. ಪೆಟ್ರೋಲ್ ತುಂಬಿದ್ದ ಹಳೆಯ ಟ್ಯಾಂಕಿಗೆ ತೇಪೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ತೊಳೆದು ಒಣಗಿಸಿದ್ದೇವೆ ಅಂದುಕೊಂಡ ಟ್ಯಾಂಕುಗಳೂ ಸಿಡಿದಿವೆ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಅಪಾಯ. ಹೊಸದನ್ನು ಮುಗಿಸಿದ ಮೇಲೆ ತೀರಾ ಕಡಿಮೆ ಒತ್ತಡದ ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಕಂಪ್ರೆಸರ್ ನೇರವಾಗಿ ಬಿಟ್ಟರೆ ಚಪ್ಪಟೆ ಶೀಟು ಉಬ್ಬಿಕೊಳ್ಳುತ್ತದೆ. ಯಾವುದೇ ಭಾಗವಾಗಲಿ, ಆದಷ್ಟು ಗಾಡಿಯಿಂದ ಬಿಚ್ಚಿ ಮೇಜಿನ ಮೇಲೆ ಬೆಸೆಯಿರಿ. ಗಾಡಿಯಲ್ಲೇ ಮಾಡಲೇಬೇಕು ಅಂದರೆ ಬ್ಯಾಟರಿ ತಂತಿ ಕಳಚಿ, ಗಾಡಿಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇದ್ದರೆ ಅದರ ಕನೆಕ್ಟರನ್ನೂ ತೆಗೆದಿಡಿ.

ಮಶೀನ್ ಬಂದ ದಿನವೇ ಪೈಪಿಗೆ ಕೈ ಹಾಕಬೇಡಿ. 3 ಮಿ.ಮೀ. ತುಂಡಿನ ಮೇಲೆ ರಾಡ್ ಇಲ್ಲದೆ ಆರ್ಕ್ ಹೊತ್ತಿಸಿ ಸುಮ್ನೆ ನೋಡಿ. ಮೊದಲು ಮಂಕಾಗಿ ಬೆವರಿದ ಹಾಗೆ ಕಾಣುತ್ತದೆ. ಒಂದು ಕ್ಷಣ, ಪೊರೆ ಬದಿಗೆ ಸರಿದು ಕನ್ನಡಿಯಂಥ ಪುಟ್ಟ ಕೊಳ ಮಿನುಗುತ್ತದೆ. ಆಗ ರಾಡ್ ಅದ್ದಿ, ಹಿಂದಕ್ಕೆ ಎಳೆದು, ಮುಂದಕ್ಕೆ ಸರಿಯಿರಿ. ರಾಡ್ ಟಂಗ್‌ಸ್ಟನ್‌ಗೆ ತಾಗಿತು ಅಂದರೆ ಅಲ್ಲಿಗೇ ನಿಲ್ಲಿಸಿ, ತುದಿ ಮತ್ತೆ ಉಜ್ಜಿ ಬನ್ನಿ. ಶುರುವಿನಲ್ಲಿ ಐದು ನಿಮಿಷ ಬೆಸೆದು ಹದಿನೈದು ನಿಮಿಷ ಗ್ರೈಂಡರ್ ಮುಂದೆ ನಿಲ್ಲುವುದು ಎಲ್ಲರ ಹಣೆಬರಹ. ಕುತ್ತಿಗೆ ಮುಚ್ಚುವ ಅಂಗಿ ಹಾಕಿಕೊಳ್ಳಿ, ಅಲ್ಯೂಮಿನಿಯಂ ಬೆಳಕನ್ನು ಎಲ್ಲ ಕಡೆ ಎರಚುತ್ತದೆ.

ಟಿಗ್ ಬಂದ ಮೇಲೆ ಮಿಗ್ ಮಾರಿಬಿಡಲಾ ಅಂತಲೂ ಕೇಳಿದ್ದೀರಿ. ಬೇಡ. ಜೀಪಿನ ಚಾಸಿ, ನೆಲದ ತಗಡು, ಬಂಪರ್ ಎಲ್ಲ ಕಬ್ಬಿಣವೇ ತಾನೆ? ಟಿಗ್‌ನಲ್ಲಿ ಅವನ್ನು ಬೆಸೆಯುತ್ತಾ ಕೂತರೆ ದಿನ ಸಾಲುವುದಿಲ್ಲ.