ಆಫ್ರಿಕಾ ಅರ್ಥ ಆಗ್ಬೇಕು ಅಂದ್ರೆ ಯಾವ ಕಾದಂಬರಿಯಿಂದ ಶುರು ಮಾಡ್ಲಿ?

ಈ ಪ್ರಶ್ನೆ ಒಂದು ಕಾಲದಲ್ಲಿ ನಾನೇ ಕೇಳಿದ್ದೆ. ಅಲ್ಲಿನ ಹೆಸರುಗಳು ತಲೆಗೆ ಹತ್ತಲ್ಲ, ಮೊದ್ಲು ಅಲ್ಲಿನ ಆಚಾರ ವಿಚಾರ ಸ್ವಲ್ಪ ತಿಳ್ಕೊಂಡು ಆಮೇಲೆ ಓದ್ಲಾ ಅಂತ ಬೇರೆ ಕೇಳಿದೀರ. ಬೇಡ್ವೇ ಬೇಡ. ನಾನು ಹಾಗೇ ಓದಿ ಒಬ್ಬ ಒಳ್ಳೆ ಫ್ರೆಂಡ್‌ನ ಕಳ್ಕೊಂಡೆ.

ಮೈಸೂರಲ್ಲಿ ಎಂಎ ಓದ್ತಿದ್ದಾಗ ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕೈಗೆ ಸಿಕ್ತು, 1958ರದ್ದು, ತೆಳ್ಳನೆ ಪುಸ್ತಕ. ನಾನು ಪೆನ್ಸಿಲ್ ಹಿಡ್ಕೊಂಡು ಕೂತು ಪುಟದ ಅಂಚೆಲ್ಲಾ ನೋಟ್ಸ್ ತುಂಬಿಸ್ದೆ. ಮನೆಗೆ ಬಂದೋರಿಗೆ ಕೋಲಾ ಬೀಜ ಕೊಡೋದು, ಹೊಸ ಗೆಡ್ಡೆ ಹಬ್ಬ, ಮುಖವಾಡ ಹಾಕ್ಕೊಂಡು ಪಂಚಾಯ್ತಿ ಮಾಡೋ ಪಿತೃಗಳು, ಅವಳಿ ಮಕ್ಕಳನ್ನ ಕಾಡಿಗೆ ಬಿಸಾಕೋದು. ತನ್ನ ಮನೇಲೇ ಬೆಳೆದು ತನ್ನನ್ನ ಅಪ್ಪಾ ಅಂತ ಕರೀತಿದ್ದ ಬೇರೆ ಊರಿನ ಹುಡುಗ ಇಕೆಮೆಫುನಾನ, ಊರ ದೈವ ಕೊಲ್ಬೇಕು ಅಂದಾಗ, ಕಥಾನಾಯಕ ಒಕೊಂಕ್ವೊ ತಾನೇ ಕತ್ತಿ ಬೀಸಿ ಕೊಲ್ತಾನೆ, ಊರಿನ ಹಿರಿಯರೊಬ್ರು ನೀನು ಇದಕ್ಕೆ ಕೈ ಹಾಕ್ಬೇಡ ಅಂತ ಮೊದ್ಲೇ ಹೇಳಿರ್ತಾರೆ, ಆದ್ರೂ ಎಲ್ಲಿ ಜನ ತನ್ನನ್ನ ಪುಕ್ಕಲ ಅಂದ್ಬಿಡ್ತಾರೋ ಅನ್ನೋ ಭಯಕ್ಕೆ ಕೊಲ್ತಾನೆ. ಆ ಪುಟದ ಪಕ್ಕ ನಾನು ಬರ್ದಿದ್ದು "ನರಬಲಿ ಪದ್ಧತಿ" ಅಂತ. ಅಷ್ಟೇ.

ಹಾಸ್ಟೆಲಲ್ಲಿ ನೈಜೀರಿಯಾದ ಹುಡುಗ ಒಬ್ಬ ಇದ್ದ, ಲೇಗೋಸ್‌ನೋನು. ದಿನಾ ಮೆಸ್ಸಲ್ಲಿ ಒಟ್ಟಿಗೇ ಊಟ, ನಮ್ಮ ಸಾರಲ್ಲಿ ಖಾರಾನೇ ಇಲ್ಲ ಅಂತ ಗೊಣಗ್ತಿದ್ದ ಪುಣ್ಯಾತ್ಮ. ಒಂದು ರಾತ್ರಿ ಎಲ್ರ ಮುಂದೆ ಕೇಳ್ಬಿಟ್ಟೆ, ನಿಮ್ಮಲ್ಲಿ ಈಗ್ಲೂ ಅವಳಿ ಮಕ್ಕಳನ್ನ ಕಾಡಿಗೆ ಎಸೀತಾರಾ ಅಂತ. ಕಾದಂಬರೀಲಿರೋರು ಇಗ್ಬೋ ಜನ, ಇವನು ಯೊರುಬಾ, ನೈಜೀರಿಯಾದ ಎರಡು ಬೇರೆ ಬೇರೆ ಜನಾಂಗ, ಯೊರುಬಾ ಜನರಲ್ಲಿ ಅವಳಿ ಹುಟ್ಟಿದ್ರೆ ಭಾಗ್ಯ ಅಂತಾರೆ, ತೈವೊ ಕೆಹಿಂದೆ ಅಂತ ಹೆಸರೇ ಮೀಸಲು. ಸಾಲದ್ದಕ್ಕೆ ಇವನೇ ಅವಳೀಲಿ ಒಬ್ಬ! ತಟ್ಟೆ ಎತ್ಕೊಂಡು ಎದ್ದು ಹೋದ. ಆಮೇಲೆ ಸಾರಿ ಕೇಳ್ದೆ, ಪರ್ವಾಗಿಲ್ಲ ಅಂದ, ಆದ್ರೆ ಮಾರನೇ ದಿನದಿಂದ ಬೇರೆ ಟೇಬಲ್.

ಇಗ್ಬೋ ಯಾರು ಯೊರುಬಾ ಯಾರು ಅಂತ ಗೊತ್ತಿದ್ರೆ ಬಚಾವಾಗ್ತಿದ್ದೆ ಅನ್ಕೋಬೇಡಿ, ಇಗ್ಬೋ ಹುಡುಗನ್ನ ಕೇಳಿದ್ರೂ ಅದು ಅಷ್ಟೇ ಕೆಟ್ಟ ಪ್ರಶ್ನೆ. ಕತೆ ಓದೋ ಬದ್ಲು ಪದ್ಧತಿ ಲಿಸ್ಟ್ ಮಾಡ್ತಾ ಕೂತಿದ್ದೇ ನನ್ನ ತಪ್ಪು. ಅವಳಿ ವಿಷಯಾನೇ ತಗೊಳ್ಳಿ, ಕಾಡಲ್ಲಿ ಅಳೋ ಶಿಶುಗಳ ಸದ್ದು ಒಕೊಂಕ್ವೊನ ಮಗ ನ್ವೊಯೆಯನ್ನ ಒಳಗೊಳಗೇ ಕೊರೀತಿರುತ್ತೆ, ಇಕೆಮೆಫುನಾ ಸತ್ತಿದ್ದೂ ಸೇರ್ಕೊಂಡು ಅವನು ಕೊನೆಗೆ ಅಪ್ಪನ್ನ ಬಿಟ್ಟು ಮಿಷನರಿಗಳ ಹತ್ರ ಹೋಗ್ತಾನೆ. ಇಡೀ ಮನೆ ಒಡೆಯೋದೇ ಅಲ್ಲಿ, ನನ್ನ ನೋಟ್ಸಲ್ಲಿ ನ್ವೊಯೆ ಹೆಸರೇ ಇರ್ಲಿಲ್ಲ. ಕೊನೇ ಪುಟದಲ್ಲಿ ಬಿಳಿ ಜಿಲ್ಲಾ ಕಮಿಷನರ್, ನೇಣು ಹಾಕ್ಕೊಂಡ ಒಕೊಂಕ್ವೊ ಬಗ್ಗೆ ತನ್ನ ಪುಸ್ತಕದಲ್ಲಿ ಒಂದು ಅಧ್ಯಾಯ ಬರೀಬಹುದು, ಅಧ್ಯಾಯ ಬೇಡ ಒಂದು ಪ್ಯಾರಾ ಸಾಕು ಅಂದ್ಕೋತಾನೆ. ಅಚೆಬೆ ಯಾರನ್ನ ಚುಚ್ತಿದಾನೆ ಅಂತ ನಂಗೆ ಹೊಳೆದಿದ್ದು ಫ್ರೆಂಡ್ ಹೋದ್ಮೇಲೆ.

ಅದಕ್ಕೇ ಹೇಳೋದು, ಆಫ್ರಿಕಾ ಅರ್ಥ ಮಾಡ್ಕೋಬೇಕು ಅಂತ ಕಾದಂಬರಿ ಹಿಡೀಬೇಡಿ, ಐವತ್ತಕ್ಕೂ ಹೆಚ್ಚು ದೇಶ ಇರೋ ಖಂಡ ಒಂದು ಪುಸ್ತಕದಲ್ಲಿ ಎಲ್ಲಿ ಸಿಗುತ್ತೆ. ಯಾರೋ ಒಬ್ಬನ ಹಿಂದೆ ಹೋಗಿ. ನೈಜೀರಿಯಾದ ಲೇಖಕಿ ಚಿಮಮಾಂಡಾ ಅಡೀಚಿಯ 'ಹಾಫ್ ಆಫ್ ಎ ಯೆಲ್ಲೋ ಸನ್'ನಲ್ಲಿ ಉಗ್ವು ಅಂತ ಹಳ್ಳಿ ಹುಡುಗ ಮೇಷ್ಟ್ರ ಮನೆ ಕೆಲಸಕ್ಕೆ ಬರ್ತಾನೆ, ಫ್ರಿಜ್ಜಲ್ಲಿದ್ದ ಕೋಳಿ ತುಂಡು ಜೇಬಿಗಿಳಿಸ್ತಾನೆ, ಸಾಕ್ಸ್ ಇಸ್ತ್ರಿ ಮಾಡಕ್ಕೆ ಹೋಗಿ ಸುಡ್ತಾನೆ. 1967ರಿಂದ 70ರವರೆಗಿನ ಬಯಾಫ್ರಾ ಯುದ್ಧ, ಅಂದ್ರೆ ನೈಜೀರಿಯಾದ ಅಂತರ್ಯುದ್ಧ, ಈ ಹುಡುಗನ ಕೈಲಿ ಏನೇನು ಮಾಡ್ಸುತ್ತೆ ಅಂತ ಓದಿ, ನಂಗೆ ಆ ಅಧ್ಯಾಯ ಆದ್ಮೇಲೆ ಪುಸ್ತಕ ಮುಚ್ಚಿಡ್ಬೇಕಾಯ್ತು. ಹೆಸರು ತಲೆಗೆ ಹತ್ತಲ್ಲ ಅಂತೀರಲ್ಲ, ಉಗ್ವು ಹೆಸರು ಮರೀರಿ ನೋಡೋಣ.

ಅದಾದ್ಮೇಲೆ ಟಾಂಜಾನಿಯಾ ಮೂಲದ ಲೇಖಕ ಅಬ್ದುಲ್‌ರಜಾಕ್ ಗುರ್ನಾ ಬರೆದ 'ಪ್ಯಾರಡೈಸ್' ಇದೆ, ಅಪ್ಪನ ಸಾಲಕ್ಕೆ ಮಗನ್ನ ವ್ಯಾಪಾರಿ ಕರ್ಕೊಂಡು ಹೋಗೋ ಕತೆ. ಅದ್ರಲ್ಲಿ ಕಾಲಸಿಂಗ ಅಂತ ಒಬ್ಬ ಸಿಖ್ ಮೆಕ್ಯಾನಿಕ್ ಬರ್ತಾನೆ, ನಂಗಂತೂ ಅವನು ಇನ್ನೂ ನಾಲ್ಕು ಪುಟ ಮಾತಾಡ್ಬೇಕಿತ್ತು.