ಶಾರ್ಕ್ ಇರುವ ಕಡಲಿಗೆ ಇಳಿಯುವ ಮುನ್ನ: ಓದುಗರ ಪ್ರಶ್ನೆಗಳು

ಪ್ರಶ್ನೆ: ಉಷ್ಣವಲಯದ ಕಡಲತೀರಗಳಿಗೆ ಪ್ರವಾಸ ಹೊರಟಿದ್ದೇವೆ. ಶಾರ್ಕ್ ಕಚ್ಚುವ ಅಪಾಯ ನಿಜಕ್ಕೂ ಎಷ್ಟಿದೆ?

ಉತ್ತರ: ಜಗತ್ತಿನ ಶಾರ್ಕ್ ಕಡಿತಗಳ ದಾಖಲೆಯನ್ನು ಫ್ಲೋರಿಡಾ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇಡುತ್ತದೆ. ಮನುಷ್ಯರು ಕೆಣಕದೆಯೂ ಆದ ಕಡಿತಗಳು ವರ್ಷಕ್ಕೆ ಸರಾಸರಿ 60ರಿಂದ 70, ಅವುಗಳಲ್ಲಿ ಸಾವು ಐದಾರು. ಕೆರೆ, ಬಾವಿ, ನದಿ, ಕಡಲು ಎಲ್ಲ ಸೇರಿ ಮುಳುಗಿ ಸಾಯುವವರು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ.

ಆದರೆ ಸರಾಸರಿ ನೋಡಿ ನೆಮ್ಮದಿಯಾಗಿರಬೇಡಿ. ಅಪಾಯ ಎಲ್ಲ ತೀರಗಳಿಗೂ ಸಮನಾಗಿ ಹಂಚಿಹೋಗಿಲ್ಲ. ಫ್ಲೋರಿಡಾದ ನ್ಯೂ ಸ್ಮಿರ್ನಾ ಬೀಚಿನಲ್ಲಿ ಕಡಿತ ಪದೇ ಪದೇ ಆಗುತ್ತದೆ, ಆದರೆ ಬಹುಪಾಲು ಸಣ್ಣ ಶಾರ್ಕ್‌ಗಳು ಕಾಲಿಗೆ ಬಾಯಿ ಹಾಕಿ ಬಿಟ್ಟುಹೋಗುವಂಥವು, ಹೊಲಿಗೆಯಲ್ಲೇ ಮುಗಿಯುತ್ತದೆ. ಬ್ರೆಜಿಲ್‌ನ ರೆಸಿಫೆಯ ಕಥೆ ಬೇರೆ. 1992ರಿಂದ ಅಲ್ಲಿ ಬುಲ್ ಮತ್ತು ಟೈಗರ್ ಶಾರ್ಕ್‌ಗಳ ದಾಳಿ ಹೆಚ್ಚಿತು, ದಡದುದ್ದಕ್ಕೂ ಎಚ್ಚರಿಕೆ ಫಲಕಗಳು ನಿಂತಿವೆ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ 2011ರಿಂದ ಸಾವುಗಳ ಸರಣಿಯೇ ನಡೆದು, 2013ರಲ್ಲಿ ಹವಳದ ದಿಬ್ಬದೊಳಗಿನ ಲಗೂನ್ ಮತ್ತು ಕಾವಲಿರುವ ಜಾಗಗಳ ಹೊರಗೆ ಈಜನ್ನೇ ನಿಷೇಧಿಸಿದರು. ಹಾಗಾಗಿ ದೇಶ ಯಾವುದು ಎನ್ನುವುದಕ್ಕಿಂತ ಯಾವ ಬೀಚು, ಅದರಲ್ಲೂ ಯಾವ ತುದಿ ಎಂದು ಕೇಳಿ. ನೀರಿಗಿಳಿಯುವ ಮೊದಲು ಲೈಫ್‌ಗಾರ್ಡ್ ಹತ್ತಿರ ವಿಚಾರಿಸಬೇಕಾದ್ದು ಮೂರು: ಈ ವಾರ ಶಾರ್ಕ್ ಕಂಡಿತ್ತೇ, ನದಿ ಎಲ್ಲಿ ಕಡಲು ಸೇರುತ್ತದೆ, ಮೀನುದೋಣಿಗಳು ಮೀನಿನ ಕಸ ಎಲ್ಲಿ ಎಸೆಯುತ್ತವೆ.

ಪ್ರಶ್ನೆ: ಯಾವ ಹೊತ್ತು, ಯಾವ ಜಾಗ ಬೇಡ?

ಉತ್ತರ: ನಸುಕು, ಮುಸ್ಸಂಜೆ, ರಾತ್ರಿ ಬೇಡ. ಬೆಳಕು ಕಡಿಮೆಯಿದ್ದಾಗ ಹಲವು ಶಾರ್ಕ್‌ಗಳು ಬೇಟೆಗೆ ದಡದ ಹತ್ತಿರ ಬರುತ್ತವೆ, ನೀವು ಮೀನೋ ಮನುಷ್ಯರೋ ಎಂಬುದು ಅವಕ್ಕೆ ಸರಿಯಾಗಿ ಕಾಣುವುದೂ ಇಲ್ಲ. ನದಿ ಕಡಲು ಸೇರುವ ಅಳಿವೆಯ ಸುತ್ತಮುತ್ತ, ಜೋರು ಮಳೆಯಾದ ಮೇಲೆ ನೀರು ರಾಡಿಯಾಗಿರುವಾಗ ಇಳಿಯಲೇಬೇಡಿ. ಬುಲ್ ಶಾರ್ಕ್‌ಗೆ ಸಿಹಿನೀರೂ ಒಗ್ಗುತ್ತದೆ. ಅಮೆಜಾನ್ ನದಿಯಲ್ಲಿ ಪೆರುವಿನ ಇಕ್ಕಿಟೋಸ್‌ವರೆಗೂ ಅದು ಸಿಕ್ಕಿದೆ, ಕಡಲಿಂದ ಸಾವಿರಾರು ಕಿಲೋಮೀಟರ್ ಒಳಗೆ!

ಸಣ್ಣ ಮೀನಿನ ಹಿಂಡು ನೀರಿಂದ ಚಿಮ್ಮುತ್ತಿದ್ದರೆ, ಮೇಲೆ ಹಕ್ಕಿಗಳು ಎರಗುತ್ತಿದ್ದರೆ, ಪಕ್ಕದಲ್ಲಿ ಯಾರಾದರೂ ಗಾಳ ಹಾಕಿದ್ದರೆ ಅಲ್ಲಿಂದ ದೂರ ಸರಿಯಿರಿ. ಮರಳ ದಿಬ್ಬ ದಾಟಿ ಆಳ ಶುರುವಾಗುವ ಅಂಚು ಶಾರ್ಕ್‌ಗಳು ಓಡಾಡುವ ದಾರಿ. ಗುಂಪಿನಲ್ಲೇ ಇರಿ, ಏಕೆಂದರೆ ಕಚ್ಚಿದಾಗ ದಡಕ್ಕೆ ಎಳೆದು ತರಲು ಕೈಗಳು ಬೇಕು. ಹೊಳೆಯುವ ಸರ, ಗಡಿಯಾರ ತೆಗೆದಿಡಿ. ನೀರಲ್ಲಿ ಅವು ಮೀನಿನ ಹೊರಮೈ ಹೊಳೆದಂತೆ ಕಾಣುತ್ತವೆ.

ಮೀನಿಗೆ ಆಹಾರ ಎಸೆದು ತೋರಿಸುವ ದೋಣಿ ಪ್ರವಾಸಗಳು ನಮ್ಮ ಅಭಿಪ್ರಾಯದಲ್ಲಿ ಬೇಡವೇ ಬೇಡ. ದೋಣಿಯ ಸದ್ದು ಎಂದರೆ ಊಟ ಎಂದು ಶಾರ್ಕ್ ಕಲಿತುಬಿಡುತ್ತದೆ. 2010ರ ಡಿಸೆಂಬರಿನಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಕೆಲವೇ ದಿನಗಳಲ್ಲಿ ಹಲವರಿಗೆ ಶಾರ್ಕ್ ಕಚ್ಚಿ, ಒಬ್ಬ ಪ್ರವಾಸಿ ಸತ್ತಾಗ ತಜ್ಞರು ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದು. ಹಡಗುಗಳಿಂದ ಕಡಲಿಗೆ ಎಸೆದ ಕುರಿಗಳ ಹೆಣ ಇನ್ನೊಂದು.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಈಜಬಾರದೇ?

ಉತ್ತರ: ಅದರಿಂದ ಕಡಿತ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ತೆರೆದ ಗಾಯದಿಂದ ರಕ್ತ ಸೋರುತ್ತಿದ್ದರೆ ಮಾತ್ರ ದಡದಲ್ಲೇ ಇರಿ.

ಪ್ರಶ್ನೆ: ಡಾಲ್ಫಿನ್ ಕಂಡರೆ ಶಾರ್ಕ್ ಇಲ್ಲ ಎಂದರ್ಥವೇ?

ಉತ್ತರ: ಇಲ್ಲ. ಎರಡೂ ಒಂದೇ ಮೀನಿನ ಹಿಂದೆ ಬಂದಿರಬಹುದು.

ಪ್ರಶ್ನೆ: ಶಾರ್ಕ್ ಓಡಿಸುವ ಅಯಸ್ಕಾಂತದ ಕೈಪಟ್ಟಿ ಕೊಳ್ಳಬಹುದೇ?

ಉತ್ತರ: ಶಾರ್ಕ್‌ನ ಮೂತಿಯಲ್ಲಿ ವಿದ್ಯುತ್ತನ್ನು ಗ್ರಹಿಸುವ ಸಣ್ಣ ರಂಧ್ರಗಳಿವೆ, ವ್ಯಾಪಾರ ನಡೆಯುವುದು ಅದನ್ನು ನಂಬಿಕೊಂಡೇ. ಆಸ್ಟ್ರೇಲಿಯಾದಲ್ಲಿ ಬಿಳಿ ಶಾರ್ಕ್‌ಗಳ ಮೇಲೆ ಐದು ಸಾಧನಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲೆಗಳ ಮೇಲೆ ಜಾರುವ ಸರ್ಫ್ ಹಲಗೆಗೆ ಅಂಟಿಸುವ ಒಂದು ವಿದ್ಯುತ್ ಸಾಧನ, ಶಾರ್ಕ್ ಆಮಿಷ ಕಚ್ಚುವ ಪ್ರಮಾಣವನ್ನು 96%ರಿಂದ 40%ಕ್ಕೆ ಇಳಿಸಿತು. ಅಯಸ್ಕಾಂತದ ಪಟ್ಟಿಯಿಂದ ಹೇಳಿಕೊಳ್ಳುವಂಥ ಪರಿಣಾಮವಾಗಲಿಲ್ಲ. ಆ ಒಳ್ಳೆಯ ಸಾಧನವಿದ್ದೂ ಹತ್ತರಲ್ಲಿ ನಾಲ್ಕು ಸಲ ಕಚ್ಚಿತು ಎಂಬುದನ್ನೂ ಗಮನಿಸಿ.

ಪ್ರಶ್ನೆ: ನೀರಲ್ಲಿದ್ದಾಗ ಶಾರ್ಕ್ ಎದುರಾದರೆ? ಕಚ್ಚಿಬಿಟ್ಟರೆ?

ಉತ್ತರ: ಬೆನ್ನು ತೋರಿಸಿ ನೀರು ಬಡಿಯುತ್ತ ಓಡಬೇಡಿ, ಆ ಬಡಿತ ಗಾಯಗೊಂಡ ಮೀನಿನ ಒದ್ದಾಟದಂತಿರುತ್ತದೆ. ಅದರ ಮೇಲೆ ಕಣ್ಣಿಟ್ಟು, ಮುಖ ಅದರತ್ತಲೇ ಇಟ್ಟುಕೊಂಡು, ಸದ್ದಿಲ್ಲದೆ ಹಿಂದಕ್ಕೆ ಸರಿಯಿರಿ. ಮೈಮೇಲೆ ಬಂದರೆ ಹಲಗೆಯನ್ನೋ ಕ್ಯಾಮೆರಾವನ್ನೋ ನಡುವೆ ಹಿಡಿಯಿರಿ. ಕಚ್ಚಿ ಹಿಡಿದರೆ ಕಣ್ಣು, ಕಿವಿರುಗಳಿಗೆ ಬಲವಾಗಿ ಹೊಡೆಯಿರಿ.

ಕಚ್ಚಿದ ಮೇಲೆ ಜೀವ ತೆಗೆಯುವುದು ರಕ್ತಸ್ರಾವ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಉಳಿಯುವುದು ಕೆಲವೇ ನಿಮಿಷ. ಆದ್ದರಿಂದ ಗಾಯಾಳುವನ್ನು ಎತ್ತಿಕೊಂಡು ಕಾರಿನ ಕಡೆ ಓಡುವುದು ದೊಡ್ಡ ತಪ್ಪು. ಅಲೆ ಮುಟ್ಟದಷ್ಟು ಮೇಲೆ ತಂದು ಅಲ್ಲೇ ಮರಳಲ್ಲಿ ಮಲಗಿಸಿ. ಒಬ್ಬರು ಆಂಬುಲೆನ್ಸ್ ಕರೆಯುವಾಗ ಇನ್ನೊಬ್ಬರು ಟವೆಲ್ಲನ್ನು ಗಾಯದೊಳಗೆ ತುಂಬಿ ಮೈಭಾರ ಹಾಕಿ ಒತ್ತಬೇಕು. ಕೈಕಾಲಿನ ರಕ್ತ ನಿಲ್ಲದಿದ್ದರೆ ಟೂರ್ನಿಕೆಟ್ (ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ) ಕಟ್ಟಿ: ಗಾಯದಿಂದ 5–7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬಾರದಂತೆ. ಅಗಲ ಬಟ್ಟೆಯಲ್ಲಿ ಕೋಲು ಸೇರಿಸಿ ತಿರುಚಬಹುದು, ಸರ್ಫ್ ಹಲಗೆಯ ಕಾಲುಹಗ್ಗವೂ ಆದೀತು. ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಗಾಯಾಳು ನೋವಿನಿಂದ ಕೂಗುತ್ತಾರೆ ಎಂದು ಸಡಿಲಿಸಿದರೆ ಕಟ್ಟಿದ್ದೇ ದಂಡ. ಕಟ್ಟಿದ ಸಮಯ ಬರೆದಿಡಿ, ಮೈ ಬೆಚ್ಚಗಿಡಿ, ಕುಡಿಯಲು ಏನೂ ಕೊಡಬೇಡಿ.

ಪ್ರಶ್ನೆ: ಹಾಗಾದರೆ ಶಾರ್ಕ್‌ಗಿಂತ ಹೆಚ್ಚು ಯಾವುದಕ್ಕೆ ಹೆದರಬೇಕು?

ಉತ್ತರ: ಸೆಳವಿಗೆ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅದೇ ಸೆಳವಿನ ದಾರಿ. ಈಜಲು ಹೇಳಿಮಾಡಿಸಿದ ಜಾಗ ಎಂದು ಹೊಸಬರು ಇಳಿಯುವುದೂ ಅಲ್ಲಿಗೇ. ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟಬಲ್ಲದು, ಪಳಗಿದ ಈಜುಗಾರರೂ ಅದಕ್ಕೆದುರಾಗಿ ಈಜಿ ಗೆಲ್ಲಲಾರರು. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ತೇಲಿಕೊಂಡಿರಿ, ಒಂದು ಕೈ ಎತ್ತಿ ಸಹಾಯ ಕೇಳಿ, ಶಕ್ತಿಯಿದ್ದರೆ ದಡಕ್ಕೆ ಸಮಾಂತರವಾಗಿ ಅಲೆ ಒಡೆಯುವ ಕಡೆಗೆ ಈಜಿ. ಅರ್ಧ ಕೆಂಪು ಅರ್ಧ ಹಳದಿ ಬಾವುಟಗಳ ನಡುವಿನ ಜಾಗವನ್ನು ಲೈಫ್‌ಗಾರ್ಡ್‌ಗಳು ಕಾಯುತ್ತಾರೆ. ಎರಡು ಕೆಂಪು ಬಾವುಟ ಒಟ್ಟಿಗಿದ್ದರೆ ನೀರಿಗೆ ಪ್ರವೇಶವಿಲ್ಲ.

ಪ್ರಶ್ನೆ: ಮೊಣಕಾಲುದ್ದ ನೀರಲ್ಲಿ ತೊರಕೆ ಮೀನು (ಬಾಲದಲ್ಲಿ ಮುಳ್ಳಿರುವ ಸ್ಟಿಂಗ್‌ರೇ) ಚುಚ್ಚದಂತೆ ಏನು ಮಾಡಬೇಕು?

ಉತ್ತರ: ಹೆಜ್ಜೆ ಎತ್ತಿಡದೆ ಮರಳಲ್ಲಿ ಪಾದ ಎಳೆಯುತ್ತ ನಡೆಯಿರಿ, ಅದುರು ತಿಳಿದು ಅದೇ ಸರಿದುಹೋಗುತ್ತದೆ. ಚುಚ್ಚಿದರೆ ಪಾದವನ್ನು ಸುಮಾರು 45 ಡಿಗ್ರಿಯ, ಸುಡದಷ್ಟು ಬಿಸಿಯ ನೀರಿನಲ್ಲಿ 30ರಿಂದ 90 ನಿಮಿಷ ಇಡಿ. ಮುಳ್ಳು ಎದೆ, ಹೊಟ್ಟೆ ಅಥವಾ ಕತ್ತಿನಲ್ಲಿ ನೆಟ್ಟಿದ್ದರೆ ಕೀಳದೆ ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ.